ಸ್ಕ್ಯಾಂಡಿನೇವಿಯನ್ ಕಪ್ ಗೆದ್ದವರಿಗೆ ದೊರೆಯುವುದೇನು?

ಪ್ರಶ್ನೆ (ಕುವೆಂಪುನಗರ, ಮೈಸೂರು):
ನಮಸ್ಕಾರ. ಕೊಡಗಿನ ಭವಾನಿ ಅವರು ಕ್ರಾಸ್ ಕಂಟ್ರಿ ಸ್ಕೀಯಿಂಗ್‌ನಲ್ಲಿ (ಹಿಮದ ಮೇಲೆ ಸ್ಕೀ ಕಟ್ಟಿಕೊಂಡು ದೂರ ಕ್ರಮಿಸುವ ಸ್ಪರ್ಧೆ) ಭಾರತವನ್ನು ಪ್ರತಿನಿಧಿಸಿದ ಸುದ್ದಿ ಓದಿದಂದಿನಿಂದ ಈ ಕ್ರೀಡೆಯನ್ನು ಆಸಕ್ತಿಯಿಂದ ಗಮನಿಸುತ್ತಿದ್ದೇನೆ. ಈ ಕ್ರೀಡೆಯ ವಿಶ್ವಕಪ್‌ಗಿಂತ ಒಂದು ಮೆಟ್ಟಿಲು ಕೆಳಗಿರುವ, ಉತ್ತರ ಯುರೋಪಿನ ಸ್ಪರ್ಧಾ ಸರಣಿಯಾದ ಸ್ಕ್ಯಾಂಡಿನೇವಿಯನ್ ಕಪ್‌ನಲ್ಲಿ ಗೆದ್ದವರಿಗೆ ದೊರೆಯುವುದೇನು?

ಉತ್ತರ (ಮಂಡ್ಯ):
ನಮ್ಮ ರಣಜಿ ಟ್ರೋಫಿಯನ್ನು ನೆನೆದರೆ ಇದರ ಮಹತ್ವ ತಿಳಿಯುತ್ತದೆ. ವಿಶ್ವಕಪ್‌ನಲ್ಲಿ ಪ್ರತಿ ದೇಶಕ್ಕೂ ಇಂತಿಷ್ಟೇ ಸ್ಥಾನಗಳೆಂಬ ಮಿತಿ ಇರುವುದರಿಂದ, ನಾರ್ವೆಯಂತಹ ದೇಶದಲ್ಲಿ ತಂಡಕ್ಕೆ ಸೇರಲಾಗದ ಅತ್ಯುತ್ತಮ ಸ್ಪರ್ಧಿಗಳು ಇಲ್ಲಿ ಸ್ಪರ್ಧಿಸುತ್ತಾರೆ; ಹಾಗಾಗಿ ಇಲ್ಲಿನ ಗೆಲುವು ಸುಲಭದ್ದಲ್ಲ. ಸರಣಿಯ ಒಟ್ಟು ಅಂಕಗಳಲ್ಲಿ ಮುಂದಿರುವವರಿಗೆ ವಿಶ್ವಕಪ್‌ನ ಮುಂದಿನ ಹಂತದಲ್ಲಿ ದೇಶದ ಮಿತಿಯ ಹೊರಗೆ ವೈಯಕ್ತಿಕ ಸ್ಥಾನ ದೊರೆಯುತ್ತದೆ. ನನ್ನ ದೃಷ್ಟಿಯಲ್ಲಿ ಅದು ಪದಕಕ್ಕಿಂತ ದೊಡ್ಡದು.

ಉತ್ತರ (ಸರಸ್ವತಿಪುರಂ, ಮೈಸೂರು):
ಮೇಲಿನವರ ಮಾತಿಗೆ ಒಂದನ್ನು ಸೇರಿಸುತ್ತೇನೆ. ಆಲ್ಪ್ಸ್ ಸೀಮೆಗೆ, ಬಾಲ್ಕನ್ ದೇಶಗಳಿಗೆ, ಪೂರ್ವ ಏಷ್ಯಾಕ್ಕೆ, ಉತ್ತರ ಅಮೆರಿಕಕ್ಕೆ ಇಂತಹದೇ ಸರಣಿಗಳಿವೆ. ಸರಣಿಯ ಅಂಕಗಳಲ್ಲದೆ, ಇವುಗಳಲ್ಲಿ ಅಂತರರಾಷ್ಟ್ರೀಯ ಸ್ಕೀ ಒಕ್ಕೂಟದ (ಎಫ್‌ಐಎಸ್) ಅಂಕಗಳೂ ದೊರೆಯುತ್ತವೆ; ಈ ಎಫ್‌ಐಎಸ್ ಅಂಕಗಳು ಮಾತ್ರ ಕಡಿಮೆಯಾದಷ್ಟೂ ಸ್ಪರ್ಧಿ ಉತ್ತಮನೆಂದು ಅರ್ಥ. ಒಲಿಂಪಿಕ್ಸ್ ಅರ್ಹತೆಗೂ ಅವೇ ಆಧಾರವಾದ್ದರಿಂದ, ಹಿಮವೇ ಕಾಣದ ಊರಿನಿಂದ ಹೊರಟವರಿಗೆ ಇಂತಹ ಸ್ಪರ್ಧೆಗಳು ಬಹಳ ಮುಖ್ಯ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ನನ್ನ ಮಗಳು ಹಿಮವಿಲ್ಲದೆ ರಸ್ತೆಯ ಮೇಲೆಯೇ ಬಳಸುವ ಚಕ್ರದ ಸ್ಕೀ ಅಭ್ಯಾಸ ಮಾಡಲು ಬಯಸುತ್ತಿದ್ದಾಳೆ. ಚಾಮುಂಡಿ ಬೆಟ್ಟದ ರಸ್ತೆ ಸೂಕ್ತವೇ?

ಉತ್ತರ (ಮಂಡ್ಯ):
ದಯವಿಟ್ಟು ಬೇಡ. ಸಾಮಾನ್ಯವಾಗಿ ಅವುಗಳಿಗೆ ಬ್ರೇಕ್ ಇರುವುದಿಲ್ಲವಾದ್ದರಿಂದ ಇಳಿಜಾರು ಅಪಾಯಕರ. ಹೆಲ್ಮೆಟ್ ಧರಿಸಿ, ವಾಹನಗಳಿಲ್ಲದ ಸಮತಟ್ಟಾದ ಜಾಗದಲ್ಲಿ ಆರಂಭಿಸಲಿ.