ಮಾರ್ಚ್ ಸ್ನೋ ಹುಡುಕಿಕೊಂಡು ಬೆಟ್ಟಕ್ಕೆ ಹೋಗಲಾ, ಮನೆಯಲ್ಲೇ ಕಾಯಲಾ?

ಎಡಿಸನ್, ನ್ಯೂಜೆರ್ಸಿ:

ಈ ಸೀಸನ್‌ನಲ್ಲಿ, ಸ್ನೋ ಅಳೆಯಲು ಹೊರಗೆ ಇಟ್ಟಿರುವ ನನ್ನ ಹಲಗೆಯ ಮೇಲೆ ಬಿದ್ದದ್ದು ಒಟ್ಟು 13.4 ಇಂಚು. ಅದರಲ್ಲಿ 6.1 ಜನವರಿಯ ಒಂದೇ ರಾತ್ರಿಯದು. ಉಳಿದದ್ದೆಲ್ಲ ಚಿಲ್ಲರೆ. ಒಂಬತ್ತು ವರ್ಷದಿಂದ ಅಳೆದು ಬರೆದಿಡುತ್ತಿದ್ದೇನೆ. ಒಂದೇ ಸಲಕ್ಕೆ ಹತ್ತು ಇಂಚು ಬಿದ್ದದ್ದನ್ನು ನೋಡಿ ಮೂರು ವರ್ಷವಾಯಿತು. ಈಗ ಮಂಗಳವಾರಕ್ಕೆ ನಾರೀಸ್ಟರ್ (ಅಟ್ಲಾಂಟಿಕ್ ಕರಾವಳಿಯ ದೊಡ್ಡ ಬಿರುಗಾಳಿ) ಬರುತ್ತಿದೆ. ಹವಾಮಾನ ಹೇಳುವ ಕಂಪ್ಯೂಟರ್ ಮಾಡೆಲ್‌ಗಳಲ್ಲಿ ಯುರೋಪಿಯನ್ ಮಾಡೆಲ್ ನಮಗೆ 3 ಇಂಚು ಕೊಟ್ಟು ಆಮೇಲೆ ಮಳೆ ತೋರಿಸುತ್ತಿದೆ. ಅಮೆರಿಕದ ಮಾಡೆಲ್ ಜಿಎಫ್‌ಎಸ್ 11 ಎನ್ನುತ್ತಿದೆ. ನ್ಯೂಯಾರ್ಕ್ ರಾಜ್ಯದ ಕ್ಯಾಟ್‌ಸ್ಕಿಲ್ಸ್ ಬೆಟ್ಟಗಳಿಗೆ ಮಾತ್ರ ಎರಡೂ 20ಕ್ಕಿಂತ ಜಾಸ್ತಿ ಕೊಡುತ್ತಿವೆ. ಅಲ್ಲಿ ಎರಡು ರಾತ್ರಿಗೆ ರೂಮು 410 ಡಾಲರ್. ನನ್ನ ಕಾರಿಗೆ ಇರುವುದು ಆಲ್ ಸೀಸನ್ ಟೈರು. ಮನೆಯಲ್ಲಿ ಹೆಂಡತಿ, ನಾಲ್ಕು ವರ್ಷದ ಮಗಳು. ರೂಮು ಕ್ಯಾನ್ಸಲ್ ಮಾಡಲು ಭಾನುವಾರ ಸಂಜೆ 4ರವರೆಗೆ ಟೈಮ್ ಇದೆ. ಹೋಗಲಾ? ಹೋಗಿ ಬಂದವರು ನಿಮ್ಮ ಅನುಭವ ಹೇಳಿ.

ವೂಸ್ಟರ್, ಮ್ಯಾಸಚೂಸೆಟ್ಸ್:

ನಾನು ಒಂದೇ ಒಂದು ಸಲವೂ ಸ್ನೋ ಹುಡುಕಿಕೊಂಡು ಹೋದವನಲ್ಲ. 2015ರ ಜನವರಿ 26-27ರಂದು ನನ್ನ ಇಬ್ಬರು ಗೆಳೆಯರು ನ್ಯೂಯಾರ್ಕ್ ಸಿಟಿಗೆ ಹೋದರು. ಅಲ್ಲಿಗೆ ಎರಡು ಮೂರು ಅಡಿ ಎಂದು ಹೇಳಿದ್ದರು. ಬಾ ಎಂದು ಕರೆದರು, ನಾನು ಹೋಗಲಿಲ್ಲ. ಸೆಂಟ್ರಲ್ ಪಾರ್ಕ್‌ನಲ್ಲಿ ಬಿದ್ದದ್ದು 9.8. ವೂಸ್ಟರ್‌ನಲ್ಲಿ 34.5. 1997ರ ಏಪ್ರಿಲ್ 1ರ 33 ಇಂಚಿನ ದಾಖಲೆ ಮುರಿದು ಹೋಯಿತು, ಅದೂ ನನ್ನ ಕಿಟಕಿಯ ಮುಂದೆ. ಆ ರಾತ್ರಿ ನಾನು ಮಲಗಲೇ ಇಲ್ಲ. ಮೂರು ಗಂಟೆಗೆ ಬೀದಿ ದೀಪದ ಕೆಳಗೆ ನಿಂತಿದ್ದೆ. ಎದುರು ಮನೆ ಕಾಣುತ್ತಿರಲಿಲ್ಲ.

ಆದರೆ ಆ ವರ್ಷದ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಫೆಬ್ರವರಿ ಪೂರ್ತಿ ಸುರಿಯಿತು. ಚಾವಣಿ ಅಂಚಿನಲ್ಲಿ ಐಸ್ ಕಟ್ಟೆ ಕಟ್ಟಿ ನೀರು ಒಳಗೆ ನುಗ್ಗಿತು. ಚಾವಣಿಯ ಸ್ನೋ ಎಳೆಯುವ ಉದ್ದ ಹಿಡಿಯ ರೂಫ್ ರೇಕ್ 64 ಡಾಲರ್. ಅದು ಎರಡನೇ ದಿನವೇ ಮುರಿಯಿತು. ಇನ್ನೊಂದು 89. ಉಗಿಯಿಂದ ಐಸ್ ಕರಗಿಸುವವರು ಗಂಟೆಗೆ 350 ಕೇಳಿದರು, ಐದು ಗಂಟೆ ಕೆಲಸ ಮಾಡಿದರು. ಮಲಗುವ ಕೋಣೆಯ ಸೀಲಿಂಗ್ ತೆಗೆದು ಹೊಸದು ಹಾಕಲು 3,800. ಇನ್ಶೂರೆನ್ಸ್‌ನವರು 1,900 ಕೊಟ್ಟರು, ಅದೂ ಜುಲೈನಲ್ಲಿ. ಇಷ್ಟೆಲ್ಲ ಆದ ಮೇಲೂ ಹೇಳುತ್ತೇನೆ, ಸ್ವಂತ ಅಂಗಳದ ಒಂದು ಇಂಚು ಬೇರೆ ಊರಿನ ಹತ್ತು ಇಂಚಿಗೆ ಸಮ. ಬೇರೆ ಕಡೆ ನೋಡಿದ್ದನ್ನು ನಿಮ್ಮ ಸೀಸನ್ ಲೆಕ್ಕಕ್ಕೆ ಸೇರಿಸಿಕೊಳ್ಳಲು ಆಗುವುದಿಲ್ಲ ಅಲ್ವಾ?

ಕ್ವೀನ್ಸ್, ನ್ಯೂಯಾರ್ಕ್:

ವೂಸ್ಟರ್‌ನವರು ಸಾವಿರ ಅಡಿ ಎತ್ತರದ ಗುಡ್ಡದ ಮೇಲೆ ಕುಳಿತು "ಮನೆಯಲ್ಲೇ ಇರಿ" ಎನ್ನುವುದು ಸುಲಭ. 2022-23ರಲ್ಲಿ ಸೆಂಟ್ರಲ್ ಪಾರ್ಕ್‌ಗೆ ಇಡೀ ಸೀಸನ್ ಬಿದ್ದದ್ದು 2.3 ಇಂಚು. 1869ರಿಂದ ಇಟ್ಟ ಲೆಕ್ಕದಲ್ಲೇ ಅತಿ ಕಡಿಮೆ. ನಮ್ಮಂಥವರು ಹೋಗದೆ ಏನು ಮಾಡಬೇಕು?

ನಾನು ಎರಡು ಸಲ ಹೋಗಿದ್ದೇನೆ. 2017ರ ಮಾರ್ಚ್ 14, ಬಿಂಗ್‌ಹ್ಯಾಮ್‌ಟನ್. ನಮ್ಮ ಸಿಟಿಗೆ ಒಂದರಿಂದ ಒಂದೂವರೆ ಅಡಿ ಎಂದಿದ್ದರು, ಸ್ಲೀಟ್ (ಗಟ್ಟಿ ಐಸ್ ಕಾಳು) ಬೆರೆತು 7.6ಕ್ಕೆ ನಿಂತಿತು. ಬಿಂಗ್‌ಹ್ಯಾಮ್‌ಟನ್‌ನಲ್ಲಿ ನಾನೇ ಕೈಯಾರೆ ಅಳೆದೆ, 41 ಇಂಚು. ಗಂಟೆಗೊಮ್ಮೆ ಹಲಗೆ ಒರೆಸಿ ಅಳೆದಿದ್ದೇನೆ, ಫೋಟೋ ಇವೆ. ಒಂದು ಗಂಟೆಯಲ್ಲಿ 4 ಇಂಚು ಬಿದ್ದದ್ದನ್ನು ಕಣ್ಣಾರೆ ನೋಡಿದ್ದೇನೆ. ಬದುಕಿರುವವರೆಗೂ ಮರೆಯುವುದಿಲ್ಲ.

ಎರಡನೇ ಸಲ 2023ರ ಮಾರ್ಚ್ 13. ಈ ಸಲದ ಹಾಗೆಯೇ ಬೆಟ್ಟಕ್ಕೆ ಸ್ನೋ, ಕರಾವಳಿಗೆ ಮಳೆ. ನಾನು ಮಾಡಿದ ತಪ್ಪು ಒಂದೇ. 60 ಡಾಲರ್ ಉಳಿಸಲು ಸ್ಪ್ರಿಂಗ್‌ಫೀಲ್ಡ್ ಹತ್ತಿರ ಕಣಿವೆಯಲ್ಲಿ ರೂಮು ಮಾಡಿದೆ. ರಾತ್ರಿಯಿಡೀ ಮಳೆ, ನಡುವೆ ಕೆಸರಿನಂಥ ಸ್ನೋ. ಪಶ್ಚಿಮದ ಬೆಟ್ಟಗಳಲ್ಲಿ ಎರಡು ಮೂರು ಅಡಿ. ಬೆಳಿಗ್ಗೆ ತಡೆದುಕೊಳ್ಳಲಾಗದೆ ಕಾರು ಹತ್ತಿದೆ. ಏರು ಶುರುವಾದ ಎರಡನೇ ತಿರುವಿನಲ್ಲಿ ಕಾರು ಜಾರಿ ಚರಂಡಿಗೆ ಇಳಿಯಿತು. ಟೋಯಿಂಗ್ 475. ಮುಂದಿನ ಬಂಪರ್ 1,120. ಅಲೈನ್‌ಮೆಂಟ್ 140. ರೂಮು 118. ಪೆಟ್ರೋಲು, ಟೋಲು 71. ಒಟ್ಟು 1,924 ಡಾಲರ್ ಕೊಟ್ಟು ನಾನು ಅಳೆದದ್ದು ಒಂದೂವರೆ ಇಂಚು. ಮಗನ ಬೇಸಿಗೆ ಕ್ಯಾಂಪಿಗೆ ಇಟ್ಟಿದ್ದ ದುಡ್ಡು ಅದು. ಮನೆಯಲ್ಲಿ ಮೂರು ವಾರ ಮಾತಿಲ್ಲ. ರೂಮು ಎಷ್ಟು ಅಡಿ ಎತ್ತರದಲ್ಲಿದೆ ಎಂದು ಮೊದಲು ನೋಡಿ. ಅಷ್ಟೇ.

ಆಲ್ಬನಿ, ನ್ಯೂಯಾರ್ಕ್:

ಕ್ವೀನ್ಸ್ ಸರ್, ಆ 41 ಅನ್ನು ದಯವಿಟ್ಟು ಎಲ್ಲೂ ಹೇಳಬೇಡಿ. ಬಿಂಗ್‌ಹ್ಯಾಮ್‌ಟನ್‌ನ ಅಧಿಕೃತ ಲೆಕ್ಕವೇ ಸುಮಾರು 35 ಇಂಚು, ಆಗ ಅದೇ ಅಲ್ಲಿಯ ದಾಖಲೆ ಆಗಿತ್ತು. ಹಲಗೆಯನ್ನು ಆರು ಗಂಟೆಗೊಮ್ಮೆ ಮಾತ್ರ ಒರೆಸಬೇಕು. ದಿನಕ್ಕೆ ನಾಲ್ಕೇ ಸಲ. ಸ್ನೋ ತನ್ನ ಭಾರಕ್ಕೆ ತಾನೇ ಕುಗ್ಗುತ್ತದೆ. ಗಂಟೆಗೊಮ್ಮೆ ಒರೆಸಿದರೆ ಕುಗ್ಗಲು ಅವಕಾಶವೇ ಇಲ್ಲ, ಲೆಕ್ಕ ಉಬ್ಬುತ್ತದೆ. 2016ರ ಜನವರಿಯಲ್ಲಿ ನ್ಯೂವಾರ್ಕ್ ವಿಮಾನ ನಿಲ್ದಾಣದ 28.1 ಇಂಚನ್ನು ತಳ್ಳಿಹಾಕಿದ್ದು ಇದೇ ಕಾರಣಕ್ಕೆ. 1997ರ ಜನವರಿಯಲ್ಲಿ ನಮ್ಮ ರಾಜ್ಯದ ಟಗ್ ಹಿಲ್‌ನ ಮಾಂಟೆಗ್ಯೂನಲ್ಲಿ 24 ಗಂಟೆಗೆ 77 ಇಂಚು ಬಿತ್ತು. ದೇಶದ ದಾಖಲೆ ಆಗಬೇಕಿತ್ತು. ಆರು ಸಲ ಅಳೆದಿದ್ದರು, ಹಾಗಾಗಿ ಒಪ್ಪಲಿಲ್ಲ. 1921ರ ಕೊಲೊರಾಡೊ ಸಿಲ್ವರ್ ಲೇಕ್‌ನ 75.8 ಹಾಗೇ ಉಳಿಯಿತು.

ನಾನು 2011ರಿಂದ ಅಳೆಯುತ್ತಿದ್ದೇನೆ. 16 ಇಂಚು ಅಗಲ, 24 ಇಂಚು ಉದ್ದದ ಪ್ಲೈವುಡ್, ಬಿಳಿ ಬಣ್ಣ. ಬೆಳಿಗ್ಗೆ 1, 7, ಮಧ್ಯಾಹ್ನ 1, ಸಂಜೆ 7. ನಾರೀಸ್ಟರ್ ದಿನ ರಾತ್ರಿ ಒಂದಕ್ಕೆ ಅಲಾರಂ ಇಟ್ಟು ಏಳುತ್ತೇನೆ. ನನ್ನ ಮದುವೆಯ ವರ್ಷ ಒಂದೇ ಒಂದು ಅಳತೆ ತಪ್ಪಿತು. ಆ ಸೀಸನ್ ಎದುರು ಇಂದಿಗೂ ನಕ್ಷತ್ರದ ಗುರುತು ಹಾಕಿಟ್ಟಿದ್ದೇನೆ.

ಕ್ವೀನ್ಸ್:

ನಿಮಗೆ ಅಲ್ಲಿ ನಿಂತವನ ನೋವೂ ಗೊತ್ತಿಲ್ಲ, ಸಂತೋಷವೂ ಗೊತ್ತಿಲ್ಲ. ಹಾಗಾದರೆ ಸೆಂಟ್ರಲ್ ಪಾರ್ಕ್‌ನದೇ ನೋಡಿ. 2016ರಲ್ಲಿ ಮೊದಲು 26.8 ಎಂದರು, ಆಮೇಲೆ 27.5 ಎಂದು ತಿದ್ದಿದರು. ಅಧಿಕೃತ ಎಂದರೆ ತಪ್ಪೇ ಆಗುವುದಿಲ್ಲವಾ?

ಆಲ್ಬನಿ:

ಅದು ಅಂಕಿ ತಲುಪಿಸುವಾಗ ಆದ ತಪ್ಪು. ಪರಿಶೀಲಿಸಿ ತಿದ್ದಿದರು. ನೀವೂ ತಿದ್ದಿ.

ಸಿರಕ್ಯೂಸ್, ನ್ಯೂಯಾರ್ಕ್:

ಇಬ್ಬರೂ ಸುಮ್ನೆ ಇರಿ. ಎಡಿಸನ್‌ನವರೇ, ನಾರೀಸ್ಟರ್ ನಂಬಿ ಹೋಗುವುದು ಲಾಟರಿ ಟಿಕೆಟ್ ತೆಗೆದ ಹಾಗೆ. ನಾನು ಈ ಊರಿಗೆ ಬಂದದ್ದು 2004ರಲ್ಲಿ. ಬಿರುಗಾಳಿಗಾಗಿ ಒಂದು ದಿನವೂ ಕಾದಿಲ್ಲ. ಒಂಟಾರಿಯೋ ಸರೋವರ ಇದೆ, ವಾಯವ್ಯ ಗಾಳಿ ಬೀಸಿದರೆ ಸಾಕು. ಈ ಸೀಸನ್ ನನ್ನ ಹಿತ್ತಲಿನ ಲೆಕ್ಕ ಇಲ್ಲಿಯವರೆಗೆ 117.8. ಇದು ನನಗೆ ಸಾಧಾರಣ ವರ್ಷ. 1992-93ರಲ್ಲಿ ನಮ್ಮೂರಿಗೆ 192.1 ಬಿದ್ದಿತ್ತು, ಅಷ್ಟು ನೋಡುವ ಆಸೆ ಇನ್ನೂ ಇದೆ.

ಸುಲಭ ಎಂದುಕೊಳ್ಳಬೇಡಿ. ಮೂರನೇ ಸ್ನೋ ಬ್ಲೋವರ್ ಇದು. ಮೊದಲನೆಯದು 700 ಡಾಲರಿನ ಸಿಂಗಲ್ ಸ್ಟೇಜ್, ಎರಡೇ ಚಳಿಗಾಲಕ್ಕೆ ಸತ್ತಿತು. ಎರಡನೆಯದು ಪರಿಚಯದವರೊಬ್ಬರಿಂದ ತೆಗೆದುಕೊಂಡ ಸೆಕೆಂಡ್ ಹ್ಯಾಂಡ್, 450. ಗಟ್ಟಿ ಐಸ್ ಸಿಕ್ಕಾಗ ಯಂತ್ರ ಉಳಿಸಲು ತಾನೇ ಮುರಿಯುವ ಶಿಯರ್ ಪಿನ್ ಮುರಿದು ಮುರಿದು ಸಾಕಾಯಿತು. ಒಂದು ಸೀಸನ್‌ನಲ್ಲಿ 22 ಪಿನ್ ಹಾಕಿದ್ದೇನೆ. ಈಗಿನದು 1,649. ಡ್ರೈವ್‌ವೇ ತುದಿಯಲ್ಲಿ ಪ್ಲೌ ಗಾಡಿ ತಳ್ಳಿಹೋದ ಗಟ್ಟಿ ರಾಶಿಯನ್ನೂ ತಿಂದುಹಾಕುತ್ತದೆ. ಯಜಮಾನರು ಪ್ರತಿ ವರ್ಷ ಟೆಕ್ಸಸ್‌ಗೆ ಹೋಗೋಣ ಎನ್ನುತ್ತಾರೆ. ನಾನು ಬರುವುದಿಲ್ಲ ಎಂದು ಹೇಳಿಬಿಟ್ಟಿದ್ದೇನೆ.

ವೂಸ್ಟರ್:

ಮೇಡಂ, ತಪ್ಪು ತಿಳಿಯಬೇಡಿ. ಲೇಕ್ ಎಫೆಕ್ಟ್‌ನ (ಸರೋವರದಿಂದ ಬರುವ ಸ್ನೋದ) ಇಂಚನ್ನೂ ನಾರೀಸ್ಟರ್‌ನ ಇಂಚನ್ನೂ ಒಂದೇ ತಕ್ಕಡಿಗೆ ಹಾಕಬೇಡಿ. ನಿಮ್ಮದು ಹತ್ತಿಯ ಹಾಗೆ. 12 ಇಂಚು ಬಿದ್ದರೆ ಎರಡು ದಿನದಲ್ಲಿ 5. ಕರಗಿಸಿ ನೋಡಿದರೆ ಅರ್ಧ ಇಂಚು ನೀರು. ನಮ್ಮ ಮಾರ್ಚ್ ಸ್ನೋ 12 ಇಂಚು ಎಂದರೆ ಒಂದೂವರೆ ಇಂಚು ನೀರು, ಸಲಿಕೆ ಬಗ್ಗುತ್ತದೆ.

ಸಿರಕ್ಯೂಸ್:

ಬಿದ್ದ ಸ್ನೋ ಸ್ನೋ ಅಲ್ಲವಾ? ಬಫಲೋದ ದಕ್ಷಿಣಕ್ಕೆ 2022ರ ನವೆಂಬರ್‌ನಲ್ಲಿ ಆರೂವರೆ ಅಡಿ ಬಿದ್ದು ಜನ ಮನೆಯಲ್ಲೇ ಸಿಕ್ಕಿಕೊಂಡಾಗ ಅದು ಹತ್ತಿ ಆಗಿತ್ತಾ? 1993ರ ಮಾರ್ಚ್ ಬಿರುಗಾಳಿಯನ್ನು ನೀವು ಕರಾವಳಿಯವರು ನಿಮ್ಮದು ಎನ್ನುತ್ತೀರಿ. ನಮಗೆ 42.9 ಇಂಚು. ಬಾಸ್ಟನ್‌ಗೆ ಎಷ್ಟು? 12.8. ಲೇಕ್ ಇಲ್ಲದ ಬಿರುಗಾಳಿಯಲ್ಲೂ ನಾವೇ ಮುಂದೆ.

ವೂಸ್ಟರ್:

ಬಾಸ್ಟನ್‌ನ 2014-15ರ 110.6 ಮರೆತಿರಾ? ಅದರಲ್ಲಿ 64.8 ಫೆಬ್ರವರಿ ಒಂದರಲ್ಲೇ. ಸರೋವರದ ಹಂಗಿಲ್ಲದೆ.

ಮಾರಿಸ್ ಕೌಂಟಿ, ನ್ಯೂಜೆರ್ಸಿ:

ಲೆಕ್ಕ ಬಿಡಿ. ಮನೆಯಲ್ಲಿ ಮಗು ಇದೆ ಎಂದು ಅವರು ಬರೆದಿದ್ದನ್ನು ಯಾರೂ ಓದಲಿಲ್ಲವಾ?

2018ರ ಮಾರ್ಚ್‌ನಲ್ಲಿ ಮೂರು ವಾರದೊಳಗೆ ನಾಲ್ಕು ನಾರೀಸ್ಟರ್ ಬಂದವು. 2, 7, 13, 21. ಎರಡನೆಯದಕ್ಕೆ ನಮ್ಮವರು ವರ್ಮಾಂಟ್‌ಗೆ ಹೊರಟರು. "ನಮ್ಮ ಕಡೆ ಮಳೆ ಬೆರೆಯುತ್ತದೆ, ಒಂದೇ ರಾತ್ರಿ" ಎಂದರು. ಬೆರೆಯಲಿಲ್ಲ. ಗುಡುಗು ಮಿಂಚಿನ ಜೊತೆ ಸ್ನೋ ಸುರಿಯಿತು. ಒದ್ದೆ ಸ್ನೋ, ಅಂಟಿನ ಹಾಗೆ. ಮೊದಲನೆಯ ಬಿರುಗಾಳಿಗೇ ಸಡಿಲವಾಗಿದ್ದ ಓಕ್ ಮರದ ಕೊಂಬೆ ಸಂಜೆ 6ಕ್ಕೆ ತಂತಿಯ ಮೇಲೆ ಬಿತ್ತು. ಆರು ದಿನ ಕರೆಂಟಿಲ್ಲ. ನಾನು, ಎರಡು ವರ್ಷದ ಮಗ, ನೋಡಲು ಬಂದಿದ್ದ ನನ್ನ ಅತ್ತೆ. ಮನೆಯೊಳಗೆ 46 ಡಿಗ್ರಿ ಫ್ಯಾರನ್‌ಹೀಟ್. ಮೂರನೇ ದಿನ ಹೋಟೆಲ್ ಸಿಕ್ಕಿತು, ದಿನಕ್ಕೆ 189. ಫ್ರಿಜ್‌ನಲ್ಲಿದ್ದದ್ದೆಲ್ಲ ಹೋಯಿತು. ಅತ್ತೆಯ ಇನ್ಸುಲಿನ್ ಅನ್ನು ಹೊರಗೆ ಸ್ನೋದಲ್ಲಿ ಇಟ್ಟರೆ ಹೆಪ್ಪುಗಟ್ಟುತ್ತದೆ ಎಂದು ಹೆದರಿ ಕಿಟಕಿಯ ಸಂದಿಯಲ್ಲಿಟ್ಟು ಗಂಟೆಗೊಮ್ಮೆ ಮುಟ್ಟಿ ನೋಡುತ್ತಿದ್ದೆ. ಮರ ಕಡಿಯುವವರು 2,300 ಕೇಳಿದರು, ಕೊಟ್ಟೆವು. ಆಮೇಲೆ ಜನರೇಟರ್ ತೆಗೆದುಕೊಂಡೆವು, 980. ಈಗ ಫೋರ್‌ಕಾಸ್ಟ್‌ನಲ್ಲಿ "ಒದ್ದೆ ಸ್ನೋ" ಎಂಬ ಮಾತು ಬಂದ ಕೂಡಲೇ ನಮ್ಮವರು ಮನೆ ಬಿಟ್ಟು ಕದಲುವುದಿಲ್ಲ.

ಎಲ್ಲಕ್ಕಿಂತ ಬೇಜಾರು ಏನೆಂದರೆ, ಅವರಿಗೆ ವರ್ಮಾಂಟ್‌ನಲ್ಲಿ 9 ಇಂಚು. ನಮ್ಮ ಡೆಕ್ ಮೇಲೆ ನಾನೇ ಮಗನ ಸ್ಕೇಲಿನಿಂದ ಅಳೆದೆ, 21.

ಆಲ್ಬನಿ:

ಡೆಕ್ ಮೇಲೆ ಅಳೆದರೆ ಗಾಳಿಗೆ ಗುಡ್ಡೆ ಆಗಿರುತ್ತದೆ. ನಾಲ್ಕೈದು ಕಡೆ ಅಳೆದು ಸರಾಸರಿ ತೆಗೆಯಬೇಕಿತ್ತು.

ಮಾರಿಸ್ ಕೌಂಟಿ:

ಕರೆಂಟಿಲ್ಲದ ಮನೆಯಲ್ಲಿ ಮಗು ಎತ್ತಿಕೊಂಡು ನಾಲ್ಕೈದು ಕಡೆ ಅಳೆಯಬೇಕಿತ್ತಾ? ನಿಮಗೆ ಮನುಷ್ಯರು ಕಾಣುವುದೇ ಇಲ್ಲವಾ?

ಆಲ್ಬನಿ:

ಕ್ಷಮಿಸಿ. ಆ ಅರ್ಥದಲ್ಲಿ ಹೇಳಲಿಲ್ಲ.

ಫಿಲಡೆಲ್ಫಿಯಾ:

ಮಾಡೆಲ್ ಬಗ್ಗೆ ಮಾತ್ರ ಹೇಳುತ್ತೇನೆ. 2001ರ ಮಾರ್ಚ್ ಮೊದಲ ವಾರ. ನಾನು ಈ ದೇಶಕ್ಕೆ ಬಂದು ಎಂಟು ತಿಂಗಳು. ಟಿವಿಯಲ್ಲಿ ಮೂರು ದಿನ ಒಂದೇ ಮಾತು, ಎರಡು ಅಡಿ ಬೀಳಬಹುದು ಎಂದು. ಶಾಲೆ ಮುಚ್ಚಿದರು. ಕ್ಯಾಮೆರಾಕ್ಕೆ ಆರು ರೋಲ್ ತಂದೆ. ಎರಡು ದಿನ ರಜೆ ಹಾಕಿದೆ. ಕಾಂಟ್ರಾಕ್ಟ್ ಕೆಲಸ, ರಜೆ ಎಂದರೆ ಸಂಬಳವಿಲ್ಲ. ಬಿರುಗಾಳಿ ತಡವಾಗಿ ಉತ್ತರದಲ್ಲಿ ಕಟ್ಟಿತು. ಎಲ್ಲವೂ ನ್ಯೂ ಇಂಗ್ಲೆಂಡ್‌ಗೆ ಹೋಯಿತು. ಸೆಂಟ್ರಲ್ ಪಾರ್ಕ್‌ಗೇ ಮೂರೂವರೆ ಇಂಚು, ನಮ್ಮ ಅಂಗಳದಲ್ಲಿ ಹುಲ್ಲು ಮುಚ್ಚಲಿಲ್ಲ. ಆ ರೋಲ್‌ಗಳಲ್ಲಿ ಎರಡು ಇನ್ನೂ ನನ್ನ ಹತ್ತಿರ ಹಾಗೇ ಇವೆ.

ಅಂದಿನಿಂದ ನನಗೊಂದು ನಿಯಮ. 24 ಗಂಟೆಗಿಂತ ಮೊದಲು ಯಾವ ಮಾಡೆಲ್‌ನ ಇಂಚನ್ನೂ ಬಾಯಲ್ಲಿ ಹೇಳುವುದಿಲ್ಲ. ಮಾರ್ಚ್‌ನಲ್ಲಂತೂ ಆ ಬಣ್ಣದ ನಕ್ಷೆ ನೋಡಲೇಬೇಡಿ. ಅದು ಒಂದು ಇಂಚು ನೀರಿಗೆ ಹತ್ತು ಇಂಚು ಸ್ನೋ ಎಂದು ಗುಣಿಸಿ ಕೊಡುತ್ತದೆ. ಗಾಳಿಯ ಉಷ್ಣತೆ 34 ಡಿಗ್ರಿ ಫ್ಯಾರನ್‌ಹೀಟ್ ಇದ್ದಾಗ ಐದಾರು ಬಂದರೆ ಹೆಚ್ಚು. ಹಗಲಲ್ಲಿ ಬಿದ್ದರೆ ಮಾರ್ಚ್ ಬಿಸಿಲು ಮೋಡದ ಮೇಲಿಂದಲೇ ರಸ್ತೆ ಕಾಯಿಸುತ್ತದೆ. ರಾತ್ರಿ ಬಿದ್ದರೆ ಮಾತ್ರ ನಿಲ್ಲುತ್ತದೆ. ಮಂಗಳವಾರ ಎಷ್ಟು ಗಂಟೆಗೆ ಶುರುವಾಗುತ್ತದೆ, ಅದನ್ನು ನೋಡಿ.

ಎಡಿಸನ್:

ಎಲ್ಲರಿಗೂ ಥ್ಯಾಂಕ್ಸ್. ಎರಡೇ ಪ್ರಶ್ನೆ ಉಳಿದಿದೆ. ನಾನು ನೋಡಿದ ರೂಮು 1,900 ಅಡಿ ಎತ್ತರದಲ್ಲಿದೆ. ಕ್ವೀನ್ಸ್ ಸರ್, ಅಷ್ಟು ಸಾಕಾ? ಮತ್ತೆ ನಮ್ಮ ಹಲಗೆಯ ಮೇಲೆ ಸ್ಲೀಟ್ ಬಿದ್ದರೆ ಸೀಸನ್ ಲೆಕ್ಕಕ್ಕೆ ಸೇರಿಸಬಹುದಾ? ಹೋದ ತಿಂಗಳು 0.8 ಸ್ಲೀಟ್ ಬಿದ್ದಿತ್ತು, ಬಿಟ್ಟುಬಿಟ್ಟಿದ್ದೆ.

ಕ್ವೀನ್ಸ್:

ಎತ್ತರ ಸಾಕು. ಟೈರು ಸಾಲದು. ಸೋಮವಾರ ಮಧ್ಯಾಹ್ನ, ಒಂದು ಹನಿ ಬೀಳುವ ಮೊದಲೇ ಅಲ್ಲಿರಬೇಕು. ಬುಧವಾರ ಪ್ಲೌ ಗಾಡಿ ಎರಡು ಸಲ ಓಡಾಡುವವರೆಗೆ ಕಾರು ಮುಟ್ಟಬೇಡಿ.

ಆಲ್ಬನಿ:

ಸ್ಲೀಟ್ ಸ್ನೋ ಲೆಕ್ಕಕ್ಕೇ ಬರುತ್ತದೆ. ಫ್ರೀಜಿಂಗ್ ರೇನ್ (ನೆಲ ಮುಟ್ಟಿ ಐಸ್ ಆಗುವ ಮಳೆ) ಬರುವುದಿಲ್ಲ. ಆ 0.8 ಸೇರಿಸಿ, ನಿಮ್ಮದು 14.2.

ಸಿರಕ್ಯೂಸ್:

ಸ್ಲೀಟ್ ಸೇರಿಸಿ ಒಟ್ಟು ಏರಿಸುವುದು ಯಾವ ನ್ಯಾಯ? ಅದರಲ್ಲಿ ಸ್ನೋ ಹರಳೇ ಇಲ್ಲ.

ಆಲ್ಬನಿ:

ನಿಯಮ ನಾನು ಬರೆದದ್ದಲ್ಲ ಮೇಡಂ. ಸಿರಕ್ಯೂಸ್ ವಿಮಾನ ನಿಲ್ದಾಣದ ಲೆಕ್ಕದಲ್ಲೂ ಸ್ಲೀಟ್ ಸೇರಿರುತ್ತದೆ.

ಮಾರಿಸ್ ಕೌಂಟಿ:

ಎಡಿಸನ್‌ನವರೇ, ನಿಮ್ಮ ಮನೆಯವರು ಏನು ಹೇಳಿದರು? ಅದನ್ನು ಬರೆಯಲೇ ಇಲ್ಲ.

ಎಡಿಸನ್:

ಇವತ್ತು ರಾತ್ರಿ ಇದನ್ನೆಲ್ಲ ಅವಳಿಗೆ ಓದಿ ಹೇಳಿದೆ. ಇನ್ಸುಲಿನ್ ವಿಷಯ ಬಂದಾಗ ಫೋನು ಕೈಗೆ ತೆಗೆದುಕೊಂಡು ತಾನೇ ಎರಡು ಸಲ ಓದಿದಳು. ರೂಮು ಕ್ಯಾನ್ಸಲ್ ಮಾಡಿದ್ದೇನೆ. ಹಲಗೆಗೆ ಹೊಸ ಬಣ್ಣ ಹಚ್ಚಿ ಗ್ಯಾರೇಜ್‌ನಲ್ಲಿ ಒಣಗಲು ಇಟ್ಟಿದ್ದೇನೆ. ಈಗಷ್ಟೇ ಬಂದ ಯುರೋಪಿಯನ್ ನಮಗೆ 5 ತೋರಿಸುತ್ತಿದೆ, ಶುರು ಮಂಗಳವಾರ ಬೆಳಗಿನ ಜಾವ 2ಕ್ಕೆ.

ಫಿಲಡೆಲ್ಫಿಯಾ:

2ಕ್ಕೆ ಶುರುವಾದರೆ ಬೆಳಕಾಗುವ ಮೊದಲು ಐದು ಗಂಟೆ ಸಿಗುತ್ತದೆ.

ವೂಸ್ಟರ್:

ನಮಗೆ ಈಗ 17 ತೋರಿಸುತ್ತಿದೆ. ನಾನು ರೂಫ್ ರೇಕ್ ಹೊರಗೆ ತೆಗೆದೆ.