ತೂತಿಲ್ಲದ ಬೆಳ್ಳಿ ಡಬ್ಬಿಗೆ ತೂತು ಕೊರೆಸಬಹುದೇ?

ಪ್ರಶ್ನೆ (ಮಾಳಮಡ್ಡಿ, ಧಾರವಾಡ):
ಆಂಗ್ಲ ಅಧಿಕಾರಿಯೊಬ್ಬರು ಧಾರವಾಡ ಬಿಡುವಾಗ ನಡೆದ ಲಿಲಾವಿನಲ್ಲಿ ನಮ್ಮ ಮುತ್ತಜ್ಜನವರು ಕೊಂಡ ಮೂರು ಬೆಳ್ಳಿ ಡಬ್ಬಿಗಳು ನಮ್ಮಲ್ಲಿವೆ. ಒಂದು ದೊಡ್ಡದು, ಉಳಿದೆರಡು ಒಂದೇ ಅಳತೆಯವು. ಎರಡರ ಮುಚ್ಚಳದಲ್ಲಿ ಪುಡಿ ಉದುರಿಸಲು ತೂತುಗಳಿವೆ. ಚಿಕ್ಕವುಗಳಲ್ಲೊಂದರ ಮೇಲೆ ಅದೇ ಬಳ್ಳಿಯ ಚಿತ್ತಾರವಿದ್ದರೂ ಅದು ಬರೀ ಗೆರೆ, ತೂತು ಒಂದೂ ಇಲ್ಲ. ಪರಿಚಯದ ಪತ್ತಾರರು ಇದು ಅರ್ಧಕ್ಕೆ ಬಿಟ್ಟ ಕೆಲಸವೆಂದೂ, ತಾವು ಒಂದು ತಾಸಿನಲ್ಲಿ ಕೊರೆದುಕೊಡುವುದಾಗಿಯೂ ಹೇಳುತ್ತಾರೆ. ತಳದಲ್ಲಿ ನಡೆಯುವ ಸಿಂಹ, ಕಿರೀಟವಿರುವ ಚಿರತೆಯ ಮುಖ, ಒಂದು ಒಂಟಿ ಅಕ್ಷರ, ಪಕ್ಕದಲ್ಲಿ ಮತ್ತೆರಡು ಅಕ್ಷರಗಳ ಮುದ್ರೆಗಳಿವೆ. ಕೊರೆಸಬಹುದೇ?

ಉತ್ತರ (ಹುಬ್ಬಳ್ಳಿ):
ದಯವಿಟ್ಟು ಕೊರೆಸಬೇಡಿರಿ. ಇವು ಕ್ಯಾಸ್ಟರ್‌ಗಳು. ದೊಡ್ಡದು ಸಕ್ಕರೆಗೆ, ತೂತಿರುವ ಚಿಕ್ಕದು ಕಾಳುಮೆಣಸಿನ ಪುಡಿಗೆ, ತೂತಿಲ್ಲದ್ದು ಒಣ ಸಾಸಿವೆ ಹಿಟ್ಟಿಗೆ. ಆ ಹಿಟ್ಟನ್ನು ಉದುರಿಸುತ್ತಿರಲಿಲ್ಲ. ಮುಚ್ಚಳ ತೆಗೆದು ಚಮಚದಿಂದ ತಟ್ಟೆಯ ಅಂಚಿಗೆ ಹಾಕಿಕೊಂಡು ಕಲಸಿಕೊಳ್ಳುತ್ತಿದ್ದರು. ಜೋಡಿ ಕೆಡಬಾರದೆಂದು ಚಿತ್ತಾರವನ್ನಷ್ಟೇ ಕೆತ್ತಿದ ಇಂಥದನ್ನು ಬ್ಲೈಂಡ್ ಕ್ಯಾಸ್ಟರ್, ಎಂದರೆ ಕುರುಡು ಡಬ್ಬಿ ಎನ್ನುತ್ತಾರೆ. ಮುಂದೆ ನೀಲಿ ಗಾಜಿನ ಒಳಬಟ್ಟಲಿರುವ ಸಾಸಿವೆ ಪಾತ್ರೆಗಳು ಬಂದ ಮೇಲೆ ಇವುಗಳ ಬಳಕೆ ನಿಂತುಹೋಯಿತು.

ಸಿಂಹವು ಶೇ. 92.5ರ ಸ್ಟರ್ಲಿಂಗ್ ಬೆಳ್ಳಿಯ ಗುರುತು, ಚಿರತೆ ಲಂಡನ್ನಿನದು. ಅದರ ಕಿರೀಟ 1821ರಲ್ಲಿ ಹೋಯಿತು. 1784ರ ಡಿಸೆಂಬರಿನಿಂದ ತೆರಿಗೆ ಸಂದಾಯದ ಸಾಕ್ಷಿಯಾಗಿ ದೊರೆಯ ತಲೆಯನ್ನೂ ಒತ್ತುತ್ತಿದ್ದರು. ನೀವು ಅದನ್ನು ಹೇಳಿಲ್ಲ. ನಿಜವಾಗಿಯೂ ಇಲ್ಲದಿದ್ದರೆ, ಮುದ್ರೆಗಳು ಅಸಲಿಯಾಗಿದ್ದರೆ, ನಿಮ್ಮ ಡಬ್ಬಿ ಅದಕ್ಕಿಂತ ಹಳೆಯದು. ಇಸವಿಯನ್ನು ಒಂಟಿ ಅಕ್ಷರವೂ ಅದರ ಸುತ್ತಲಿನ ಚೌಕಟ್ಟಿನ ಆಕಾರವೂ ಕೂಡಿಯೇ ಹೇಳಬೇಕು; ಇನ್ನೆರಡು ಅಕ್ಷರಗಳು ತಯಾರಕನವು.

ಉತ್ತರ (ಗದಗ):
ತೂತಿಲ್ಲದ್ದರಲ್ಲಿ ಗುರೆಳ್ಳು ಚಟ್ನಿಪುಡಿ ತುಂಬಿದರೆ ಬಡಿಸಲು ಅನುಕೂಲವಲ್ಲವೇ?

ಉತ್ತರ (ಹುಬ್ಬಳ್ಳಿ):
ಊಟದ ಹೊತ್ತಿಗೆ ಬಡಿಸಿ, ಕೂಡಲೇ ತೊಳೆದು ಒರೆಸಿದರೆ ಅಡ್ಡಿಯಿಲ್ಲ, ತುಂಬಿಡಬಾರದು. ಚಟ್ನಿಪುಡಿಯ ಉಪ್ಪು ಧಾರವಾಡದ ಮಳೆಗಾಲದ ತೇವವನ್ನು ಹೀರಿ ಬೆಳ್ಳಿಯನ್ನು ತಿನ್ನುತ್ತದೆ, ಆ ಕಲೆ ಉಜ್ಜಿದರೂ ಹೋಗದು. ಆಂಗ್ಲರು ಉಪ್ಪಿನ ಬಟ್ಟಲುಗಳ ಒಳಮೈಗೆ ಚಿನ್ನದ ಲೇಪ ಕೊಡುತ್ತಿದ್ದುದು ಇದಕ್ಕಾಗಿಯೇ. ಹಬ್ಬಕ್ಕೆಂದು ವಿಭೂತಿ ಹಚ್ಚಿ ತಳ ತಿಕ್ಕುವುದನ್ನೂ ಬಿಡಿರಿ, ಮುದ್ರೆ ಸವೆಯುತ್ತದೆ.

ಪ್ರಶ್ನೆ ಕೇಳಿದವರು:
ದೊರೆಯ ತಲೆ ಎಲ್ಲಿಯೂ ಇಲ್ಲ. ಪತ್ತಾರರಿಗೆ ತಮ್ಮ ಉತ್ತರವನ್ನು ಓದಿ ತೋರಿಸಿದೆ. ಅವರು ಭೂತಗನ್ನಡಿ ಹಿಡಿದು ಮತ್ತೊಮ್ಮೆ ನೋಡಿ, ತೂತು ಕೊರೆಯುವವನು ಮೊದಲು ಇಡುವ ಚುಕ್ಕೆ ಒಂದೂ ಇಲ್ಲಿಲ್ಲವೆಂದು ಹೇಳಿ, ಡಬ್ಬಿಯನ್ನು ಬಟ್ಟೆಯಲ್ಲಿ ಸುತ್ತಿ ಹಿಂದಿರುಗಿಸಿದರು.