ಒಂದೇ ಲೇಸರ್ ಯಂತ್ರ, ಇಬ್ಬರಿಗೆ ಎರಡು ಬಗೆಯ ಫಲ: ಕಾರಣವೇನು?

ಪ್ರಶ್ನೆ: ಬಾಗಲಕೋಟೆಯಿಂದ
ನಾನು ಮತ್ತು ನನ್ನ ನೆಗೆಣ್ಣಿ ಬೆಳಗಾವಿಯ ಒಂದೇ ಕ್ಲಿನಿಕ್‌ನಲ್ಲಿ ಬೇಡದ ಕೂದಲಿಗೆ ಲೇಸರ್ ಮಾಡಿಸಿಕೊಳ್ಳುತ್ತಿದ್ದೇವೆ. ಅವಳ ಕಂಕುಳಲ್ಲಿ ಈಗ ಅಲ್ಲೊಂದು ಇಲ್ಲೊಂದು ಎಳೆ ಮಾತ್ರ ಉಳಿದಿದೆ. ನನ್ನ ಗದ್ದವಾದರೋ ಪ್ರತಿ ಸಿಟ್ಟಿಂಗ್ ನಂತರ ಕೆಲವು ವಾರ ನುಣುಪಾಗಿದ್ದು, ಮತ್ತೆ ಮೊದಲಿನಂತಾಗುತ್ತದೆ. ನಡುವೆ ಮದುವೆ, ಸೀಮಂತಗಳಿಗೆ ಹೋಗಬೇಕಾದಾಗ ಥ್ರೆಡಿಂಗ್ ಮಾಡಿಸುತ್ತೇನೆ. ಇದು ಯಂತ್ರದ ದೋಷವೇ, ನನ್ನ ಚರ್ಮದ ದೋಷವೇ? ತಿಳಿದವರು ವಿವರಿಸಬೇಕೆಂದು ಕೋರುತ್ತೇನೆ.

ಉತ್ತರ 1: ವಿಜಯಪುರದಿಂದ, ಚರ್ಮರೋಗ ವಿಭಾಗದ ಸ್ನಾತಕೋತ್ತರ ವಿದ್ಯಾರ್ಥಿ
ಎರಡರ ದೋಷವೂ ಇರಲಿಕ್ಕಿಲ್ಲ. ಲೇಸರ್ ಬೆಳಕು ಹುಡುಕುವುದು ಕೂದಲಿಗೆ ಕಪ್ಪು ಬಣ್ಣ ಕೊಡುವ ಮೆಲನಿನ್ ಅನ್ನು. ಮೆಲನಿನ್ ಬೆಳಕನ್ನು ಹೀರಿ ಬಿಸಿಯಾಗುತ್ತದೆ. ಆ ಶಾಖ ಕೂದಲಿನ ಎಳೆಯಿಂದ ಬುಡಕ್ಕೂ, ಹೊಸ ಕೂದಲನ್ನು ಹುಟ್ಟಿಸುವ ಮೂಲಕೋಶಗಳಿಗೂ ಹರಡಿ ಅವನ್ನು ಸುಡುತ್ತದೆ. ಸುತ್ತಲಿನ ಚರ್ಮವನ್ನು ಉಳಿಸಿ ಬಣ್ಣವಿರುವ ಭಾಗವನ್ನಷ್ಟೇ ಬಿಸಿ ಮಾಡಬಹುದೆಂಬ ಈ ತತ್ವವನ್ನು ಆಂಡರ್ಸನ್ ಮತ್ತು ಪ್ಯಾರಿಶ್ ಎಂಬ ವೈದ್ಯರು 1983ರಲ್ಲಿ ಮಂಡಿಸಿದರು.

ತೊಡಕು ಇರುವುದು ಇಲ್ಲಿಯೇ. ನಮ್ಮಂಥ ಗೋಧಿ ಮತ್ತು ಕಪ್ಪು ಮೈಬಣ್ಣದವರ ಚರ್ಮದ ಮೇಲ್ಪದರದಲ್ಲಿಯೂ ಮೆಲನಿನ್ ಹೇರಳವಾಗಿರುವುದರಿಂದ, ಕೂದಲಿಗೆ ತಲುಪಬೇಕಾದ ಶಕ್ತಿಯ ಒಂದಷ್ಟು ಪಾಲು ಮೇಲೆಯೇ ಖರ್ಚಾಗಿ, ಸುಟ್ಟಗಾಯ ಅಥವಾ ಕಪ್ಪು ಕಲೆ ಆಗುವ ಅಪಾಯವಿರುತ್ತದೆ. ಬೆಳಕಿನ ತರಂಗಾಂತರಕ್ಕೆ ತಕ್ಕಂತೆ ಲೇಸರ್‌ಗಳಲ್ಲಿ ಬಗೆಗಳಿವೆ. 755 ನ್ಯಾನೊಮೀಟರ್‌ನ ಅಲೆಕ್ಸಾಂಡ್ರೈಟ್ ಲೇಸರ್‌ನ ಬೆಳಕನ್ನು ಮೆಲನಿನ್ ಹೆಚ್ಚು ಹೀರುತ್ತದೆ, ಹಾಗಾಗಿ ಅದು ಬಿಳಿ ಚರ್ಮಕ್ಕೆ ಹೊಂದುತ್ತದೆ. 1064ರ ಎನ್‌ಡಿ-ಯಾಗ್ ಆಳಕ್ಕೆ ಇಳಿಯುತ್ತದೆ, ಕಪ್ಪು ಚರ್ಮಕ್ಕೆ ಹೆಚ್ಚು ಸುರಕ್ಷಿತ. ಆದರೆ ಮೆಲನಿನ್ ಅದನ್ನು ಕಡಿಮೆ ಹೀರುವುದರಿಂದ ತೆಳುವಾದ ಎಳೆಗಳು ಅದಕ್ಕೆ ಸುಲಭವಾಗಿ ಬಗ್ಗುವುದಿಲ್ಲ. 810ರ ಆಸುಪಾಸಿನ ಡಯೋಡ್ ಇವೆರಡರ ನಡುವಿನದು. ಕಂಕುಳಿನ ಕೂದಲು ದಪ್ಪ ಮತ್ತು ಅಚ್ಚ ಕಪ್ಪು; ನಿಮ್ಮ ನೆಗೆಣ್ಣಿಯವರಿಗೆ ಫಲ ಬೇಗ ಸಿಕ್ಕಿದ್ದು ಸಹಜ.

ಇನ್ನೊಂದು ಮಾತು: ಪ್ರತಿ ಕೂದಲೂ ಬೆಳೆಯುವ, ಕುಗ್ಗುವ, ವಿಶ್ರಮಿಸುವ ಹಂತಗಳನ್ನು ದಾಟುತ್ತದೆ. ಬೆಳೆಯುವ ಹಂತದಲ್ಲಿರುವ ಕೂದಲಿಗೆ ಮಾತ್ರ ಲೇಸರ್ ಚೆನ್ನಾಗಿ ತಟ್ಟುತ್ತದೆ. ಆದ್ದರಿಂದಲೇ ವಾರಗಳ ಅಂತರದಲ್ಲಿ ಹಲವು ಸಿಟ್ಟಿಂಗ್ ಬೇಕು. ಥ್ರೆಡಿಂಗ್ ಕೂದಲನ್ನು ಬುಡಸಮೇತ ಕೀಳುತ್ತದೆ. ಮುಂದಿನ ಸಲ ಬೆಳಕಿಗೆ ಗುರಿಯೇ ಇರುವುದಿಲ್ಲ. ಸಿಟ್ಟಿಂಗ್‌ಗಳ ನಡುವೆ ರೇಜರ್ ಬಳಸಿರಿ.

ಪ್ರಶ್ನೆ ಕೇಳಿದವರು:
ಧನ್ಯವಾದ. ಆದರೆ ಹೆಂಗಸರು ಗದ್ದಕ್ಕೆ ರೇಜರ್ ಹಚ್ಚಿದರೆ ಗಂಡಸರ ಗಡ್ಡದಂತೆ ದಪ್ಪವಾಗಿ ಬರುತ್ತದೆಂದು ನಮ್ಮ ಅತ್ತೆಯವರು ಖಡಾಖಂಡಿತವಾಗಿ ಹೇಳುತ್ತಾರೆ.

ಉತ್ತರ 2: ಬೆಳಗಾವಿಯಿಂದ
ಅತ್ತೆಯವರಿಗೆ ಹೀಗೆ ಹೇಳಿ ನೋಡಿ: ರೇಜರ್ ಚರ್ಮದ ಮೇಲಿನ ಎಳೆಯನ್ನಷ್ಟೇ ಕತ್ತರಿಸುತ್ತದೆ, ಬೇರಿಗೆ ಅದರ ಸುದ್ದಿಯೇ ತಲುಪುವುದಿಲ್ಲ. ಚೂಪಾದ ತುದಿ ಹೋಗಿ ಮೊಂಡಾಗುವುದರಿಂದ ಕೈಗೆ ಒರಟೆನಿಸುತ್ತದೆ, ಅಷ್ಟೇ.

ಅದಕ್ಕಿಂತ ಮುಖ್ಯವಾದ ಪ್ರಶ್ನೆ, ನಿಮ್ಮ ಮುಟ್ಟು ಸರಿಯಾಗಿ ಆಗುತ್ತಿದೆಯೇ? ನನಗೆ ಪಿಸಿಒಡಿ (ಅಂಡಾಶಯ ಮತ್ತು ಹಾರ್ಮೋನಿನ ಏರುಪೇರಿನ ತೊಂದರೆ) ಇರುವುದರಿಂದ ಕೇಳುತ್ತಿದ್ದೇನೆ. ಗದ್ದದ ಕೂದಲು ಆಂಡ್ರೊಜೆನ್ ಎಂಬ, ಗಂಡಸರಲ್ಲಿ ಹೆಚ್ಚಾಗಿರುವ ಹಾರ್ಮೋನಿನ ಮಾತು ಕೇಳುತ್ತದೆ. ಲೇಸರ್ ಇಂದಿನ ಕೂದಲನ್ನು ಸುಟ್ಟರೂ, ಹಾರ್ಮೋನು ಏರಿದ್ದರೆ ಮೆತ್ತನೆಯ ನಸುಕೂದಲು ಬಲಿತು ಕಪ್ಪಾಗುತ್ತಲೇ ಇರುತ್ತದೆ. ಸ್ತ್ರೀರೋಗ ತಜ್ಞರ ಚಿಕಿತ್ಸೆ ಜೊತೆಗೆ ಆರಂಭವಾದ ಮೇಲೆಯೇ ನನಗೆ ವ್ಯತ್ಯಾಸ ಕಂಡದ್ದು. ಈಗಲೂ ಆಗಾಗ ಒಂದು ಸಿಟ್ಟಿಂಗ್ ಬೇಕಾಗುತ್ತದೆ. ಶಾಶ್ವತವಾಗಿ ಅಳಿಸುತ್ತೇವೆಂಬ ಜಾಹೀರಾತನ್ನು ನಾನು ನಂಬುವುದಿಲ್ಲ. ಅಮೆರಿಕದಲ್ಲಿ ಔಷಧ ಮತ್ತು ವೈದ್ಯಕೀಯ ಉಪಕರಣಗಳಿಗೆ ಅನುಮತಿ ಕೊಡುವ ಸಂಸ್ಥೆಯಾದ ಎಫ್‌ಡಿಎ ಕೂಡ ಒಪ್ಪಿರುವುದು ಕೂದಲು ಶಾಶ್ವತವಾಗಿ ಕಡಿಮೆಯಾಗುತ್ತದೆ ಎಂಬುದನ್ನು ಮಾತ್ರ, ಪೂರ್ತಿ ಹೋಗುತ್ತದೆ ಎಂಬುದನ್ನಲ್ಲ.

ಉತ್ತರ 1ರವರಿಂದ ಮತ್ತೆ:
ಹಾರ್ಮೋನಿನ ವಿಷಯ ಎತ್ತಿದ್ದು ಒಳ್ಳೆಯದಾಯಿತು. ಎರಡು ಎಚ್ಚರಿಕೆ ಸೇರಿಸುತ್ತೇನೆ. ಏಪ್ರಿಲ್, ಮೇ ತಿಂಗಳ ನಮ್ಮ ಕಡೆಯ ಬಿಸಿಲಿಗೆ ಮುಖ ಕಪ್ಪಾಗಿದ್ದರೆ ವೈದ್ಯರಿಗೆ ಮೊದಲೇ ತಿಳಿಸಿರಿ. ಹಾಗಾದಾಗ ಹಿಂದಿನ ಸಲದ ಶಕ್ತಿಯೇ ಚರ್ಮವನ್ನು ಸುಡಬಹುದು, ಆದ್ದರಿಂದ ಅವರು ದಿನಾಂಕ ಮುಂದೂಡಿದರೆ ಬೇಸರಿಸಬೇಡಿ. ಎರಡನೆಯದಾಗಿ, ಕೆಲವರಿಗೆ, ಅದರಲ್ಲೂ ಮುಖ ಮತ್ತು ಕುತ್ತಿಗೆಯ ಭಾಗದಲ್ಲಿ, ಲೇಸರ್ ಬಿದ್ದ ಜಾಗದ ಅಂಚಿನಲ್ಲಿ ಕೂದಲು ಹೆಚ್ಚುವುದುಂಟು. ನಿಮಗೆ ಮರಳಿ ಬರುತ್ತಿರುವುದು ಮೊದಲಿಗಿಂತ ತೆಳುವಾಗಿದೆಯೇ, ದಪ್ಪವಾಗಿದೆಯೇ ಎಂದು ಫೋಟೊಗಳನ್ನು ಹೋಲಿಸಿ ನೋಡಿರಿ. ತೆಳುವಾಗಿದ್ದರೆ ಚಿಕಿತ್ಸೆ ನಿಧಾನವಾಗಿ ಫಲಿಸುತ್ತಿದೆ. ದಪ್ಪವಾಗಿದ್ದರೆ ಮುಂದಿನ ಸಿಟ್ಟಿಂಗ್‌ಗೆ ಮುಂಚೆ ಹಾರ್ಮೋನಿನ ರಕ್ತಪರೀಕ್ಷೆ ಮಾಡಿಸಿ, ಆ ವರದಿಯನ್ನು ನಿಮ್ಮ ಚರ್ಮರೋಗ ತಜ್ಞರಿಗೆ ತೋರಿಸಿರಿ.